ಶನಿವಾರ ರಾತ್ರಿ ಯಾವ ಸಿನಿಮಾ? ಮೊದಲು ಸೋಫಾದಲ್ಲಿ ಯಾರಿದ್ದಾರೆ ನೋಡಿ

ನಮ್ಮ ಮನೆಯಲ್ಲಿ ಸಿನಿಮಾ ನೋಡುವುದಕ್ಕಿಂತ ಯಾವ ಸಿನಿಮಾ ಅಂತ ಹುಡುಕುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ಊಟ ಮುಗಿಸಿ ಒಂಬತ್ತಕ್ಕೆ ರಿಮೋಟ್ ಹಿಡಿದರೆ ಒಂಬತ್ತೂ ಮುಕ್ಕಾಲಾದರೂ ಪೋಸ್ಟರ್‌ಗಳನ್ನೇ ಸರಿಸುತ್ತಾ ಕೂತಿರುತ್ತೇವೆ. ಅಷ್ಟರಲ್ಲಿ ಅಮ್ಮನಿಗೆ ತೂಕಡಿಕೆ. ತಮ್ಮ ಫೋನ್ ಹಿಡಿದಾಯಿತು. ನಮ್ಮನೆಯವರು "ನೀವೇ ಏನಾದ್ರೂ ಹಾಕಿ" ಅಂತಾರೆ, ಹಾಕಿದ ಮೇಲೆ ಮುಖ ಸಿಂಡರಿಸ್ತಾರೆ.

ಹೋದ ಏಳೆಂಟು ತಿಂಗಳಲ್ಲಿ ಸುಮಾರು ಕನ್ನಡ ಸಿನಿಮಾ ನೋಡಿದೆವು. ಕೆಲವು ಮೊದಲ ಸಲ, ಕೆಲವು ಎರಡನೇ ಸಲ. ಒಂದು ವಿಷಯ ಅರ್ಥವಾಯಿತು. ಹತ್ತಕ್ಕೆ ಎಂಟು ಅಂಕ ಬಿದ್ದಿರುವ ಸಿನಿಮಾ ನಮ್ಮನೆಯಲ್ಲಿ ನೆಲಕಚ್ಚಬಹುದು. ಒಳ್ಳೆಯ ಸಿನಿಮಾ ಅಂತ ಹಾಕಿ, ಪಕ್ಕದಲ್ಲಿ ಕೂತವರು ಬೇರೆಯವರಾಗಿದ್ದರೆ ಮುಗೀತು. ಹಾಗಾಗಿ ಇಲ್ಲಿ ಸ್ಟಾರ್ ಕೊಡುವುದಿಲ್ಲ. ಯಾರ ಜೊತೆ ಯಾವುದು ಅಂತ ಮಾತ್ರ ಹೇಳುತ್ತೇನೆ. ಕಥೆಯ ಗುಟ್ಟು ಬಿಟ್ಟುಕೊಡದೆ ಹೇಳಲು ಪ್ರಯತ್ನ ಮಾಡಿದ್ದೇನೆ, ಎಲ್ಲಾದರೂ ಬಾಯಿ ಜಾರಿದ್ದರೆ ಬೈಯಬೇಡಿ.

ನಗಬೇಕು ಅಂತಿದ್ದರೆ ನನ್ನ ಪಟ್ಟಿಯಲ್ಲಿ ಇರುವುದು ಎರಡೇ. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’. 2023ರ ಜುಲೈನಲ್ಲಿ ಬಂದ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’. ಎರಡರಲ್ಲೂ ದೊಡ್ಡ ಹೀರೋ ಅಂತ ಯಾರೂ ಇಲ್ಲ. ಎರಡೂ ಗುಂಪಿನ ಕಥೆ, ಒಂದು ಎಡವಟ್ಟು ಇನ್ನೊಂದಕ್ಕೆ ದಾರಿ ಮಾಡಿ ಕೊನೆಗೆ ಯಾರ ಕೈಯಲ್ಲೂ ಏನೂ ಉಳಿಯದ ಕಥೆ. ಕೇಳುವುದಕ್ಕೆ ಒಂದೇ ಥರ ಇದೆ, ಅಲ್ವಾ? ನಾನೂ ಹಾಗೇ ಅಂದುಕೊಂಡು ಅಮ್ಮನಿಗೆ ಹಾಸ್ಟೆಲ್ ಹುಡುಗರನ್ನು ಹಾಕಿದೆ.

ಹದಿನೈದು ನಿಮಿಷ. ಅಷ್ಟೇ. "ಏನೇ ಇದು, ಕ್ಯಾಮೆರಾ ಹಿಡ್ಕೊಂಡೋನು ಕುಡ್ದಿದಾನಾ" ಅಂತ ಕೇಳಿ ಎದ್ದು ಹೋದರು.

ಅಮ್ಮನ ತಪ್ಪಲ್ಲ. ನಿರ್ದೇಶಕ ನಿತಿನ್ ಕೃಷ್ಣಮೂರ್ತಿ ಅದನ್ನು ಹಾಗೇ ಬೇಕು ಅಂತ ಮಾಡಿದ್ದಾರೆ. ಒಂದು ಹುಡುಗರ ಹಾಸ್ಟೆಲ್, ಒಂದೇ ರಾತ್ರಿ. ವಾರ್ಡನ್ ಸತ್ತು ಬಿದ್ದಿದ್ದಾನೆ, ಅವನು ಬರೆದಿಟ್ಟ ಚೀಟಿಯಲ್ಲಿ ಹುಡುಗರ ಹೆಸರಿದೆ, ಈಗ ಏನು ಮಾಡೋದು? ಕ್ಯಾಮೆರಾ ಕಾರಿಡಾರ್ ತುಂಬಾ ಹುಡುಗರ ಹಿಂದೆ ಓಡುತ್ತದೆ, ನಾಲ್ಕು ಜನ ಒಟ್ಟಿಗೆ ಮಾತಾಡ್ತಾರೆ, ಐದನೆಯವನು ಬಾಗಿಲು ಬಡೀತಾನೆ, ಯಾರು ಏನು ಹೇಳಿದರು ಅಂತ ಹಿಡಿಯುವಷ್ಟರಲ್ಲಿ ದೃಶ್ಯ ಮುಂದೆ ಹೋಗಿರುತ್ತದೆ. ಹಾಸ್ಟೆಲ್‌ನಲ್ಲಿ ಇದ್ದವರಿಗೆ ಇದು ಮನೆಯ ವಾಸನೆ. ನನ್ನ ತಮ್ಮ ದಾವಣಗೆರೆಯಲ್ಲಿ ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿದ್ದವನು, ನೆಲದ ಮೇಲೆ ಬಿದ್ದು ನಕ್ಕ. ನಡುನಡುವೆ ನಿಲ್ಲಿಸಿ "ನಮ್ಮ ವಾರ್ಡನ್ನೂ ಹಿಂಗೇ" ಅಂತ ಕಥೆ ಬೇರೆ. ಇದನ್ನು ತೆಗೆದ ಕ್ಯಾಮೆರಾಮನ್ ಅರವಿಂದ್ ಕಶ್ಯಪ್, ‘ಕಾಂತಾರ’ದ ಕಾಡನ್ನು ತೋರಿಸಿದವರು ಅವರೇ ಅಂದರೆ ನಂಬುವುದು ಕಷ್ಟ. ಅಲ್ಲಿ ಅಷ್ಟು ವಿಸ್ತಾರ, ಇಲ್ಲಿ ಉಸಿರಾಡುವುದಕ್ಕೂ ಜಾಗ ಇಲ್ಲ.

‘ಸು ಫ್ರಮ್ ಸೋ’ ಬೇರೆ ಲಯದ್ದು. ಕರಾವಳಿಯ ಒಂದು ಊರು. ಅಶೋಕ ಅನ್ನುವ ಹುಡುಗ ಹುಡುಗಿಯೊಬ್ಬಳನ್ನು ಕದ್ದು ನೋಡಲು ಹೋಗಿ ಸಿಕ್ಕಿಬೀಳುವ ಹಾಗಾಗುತ್ತದೆ, ತಪ್ಪಿಸಿಕೊಳ್ಳಲು ಮೈಮೇಲೆ ಬಂದವನ ಥರ ಆಡುತ್ತಾನೆ. ಊರು ನಂಬಿಬಿಡುತ್ತದೆ. ಬಂದಿರುವುದು ಸೋಮೇಶ್ವರದ ಸುಲೋಚನಾ ಅಂತ ತೀರ್ಮಾನವೂ ಆಗುತ್ತದೆ. ಅಲ್ಲಿಂದ ಆಚೆಗೆ ಅವನ ಕೈಯಲ್ಲಿ ಏನೂ ಇಲ್ಲ. ಇಲ್ಲಿ ನಗು ಬರುವುದು ಜನರ ಮಾತಿನಿಂದ. ಒಬ್ಬ ಏನೋ ಹೇಳ್ತಾನೆ, ಇನ್ನೊಬ್ಬ ಅದಕ್ಕೆ ಗಂಭೀರವಾಗಿ ತಲೆದೂಗ್ತಾನೆ, ಮೂರನೆಯವನು ಅದನ್ನೇ ಸ್ವಲ್ಪ ಬೆಳೆಸಿ ಮುಂದಿನವನಿಗೆ ದಾಟಿಸ್ತಾನೆ. ನಮ್ಮೂರ ಕಟ್ಟೆ ಮೇಲೆ ಸುದ್ದಿ ಬೆಳೆಯುವುದೂ ಹೀಗೇ. ಬರೆದು, ನಿರ್ದೇಶಿಸಿ, ಅಶೋಕನ ಪಾತ್ರ ಮಾಡಿದವರು ಜೆ.ಪಿ. ತುಮಿನಾಡು. ರವಿಯಣ್ಣನಾಗಿ ಶನೀಲ್ ಗೌತಮ್. ಕರುಣಾಕರ ಗುರೂಜಿಯಾಗಿ ರಾಜ್ ಬಿ. ಶೆಟ್ಟಿ ಬಂದಾಗ ಅಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಕ್ಕು ನಕ್ಕು.

ಒಂದು ಎಚ್ಚರಿಕೆ. ಮಂಗಳೂರು ಕನ್ನಡ ಅಭ್ಯಾಸ ಇಲ್ಲದವರಿಗೆ ಮೊದಲ ಅರ್ಧ ಗಂಟೆ ಕೆಲವು ಮಾತು ಜಾರಿಹೋಗುತ್ತವೆ. ನಾವು ಕನ್ನಡ ಸಿನಿಮಾಗೆ ಸಬ್‌ಟೈಟಲ್ ಹಾಕಿಕೊಂಡು ನೋಡಿದ್ದು ಅದೇ ಮೊದಲು. ನಾಚಿಕೆ ಏನಿಲ್ಲ.

ಇನ್ನೊಂದು ತಕರಾರೂ ಇದೆ. ದ್ವಿತೀಯಾರ್ಧದಲ್ಲಿ ಸುಲೋಚನಾಳ ಮಗಳು ಭಾನು ಬರುತ್ತಾಳೆ, ಕಥೆ ಗಂಭೀರವಾಗುತ್ತದೆ, ಒಬ್ಬಂಟಿ ಹೆಣ್ಣಿನ ಕಷ್ಟದ ಕಡೆ ತಿರುಗುತ್ತದೆ. ಆ ತಿರುವು ನನಗೆ ಇಷ್ಟವಾಯಿತು. ಆದರೆ ಶುರುವಿನಲ್ಲಿ ಅಶೋಕ ಕದ್ದು ನೋಡಲು ಹೋದನಲ್ಲ, ಆ ಲೆಕ್ಕವನ್ನು ಸಿನಿಮಾ ಸರಿಯಾಗಿ ಚುಕ್ತಾ ಮಾಡಿಲ್ಲ ಅಂತ ಈಗಲೂ ಅನ್ನಿಸುತ್ತದೆ. ನಮ್ಮನೆಯವರು "ನೀನು ಎಲ್ಲದರಲ್ಲೂ ಹುಳ ಹುಡುಕ್ತೀಯ" ಅಂದರು. ಇರಲಿ.

ಒಟ್ಟಿನಲ್ಲಿ ಮನೆಮಂದಿ ಎಲ್ಲ ಕೂತಿದ್ದರೆ ‘ಸು ಫ್ರಮ್ ಸೋ’. ಕಾಲೇಜಿನ ಹಳೇ ದೋಸ್ತರು ಬಂದಿದ್ದು, ಹಿರಿಯರು ಊರಿಗೆ ಹೋಗಿದ್ದರೆ ಹಾಸ್ಟೆಲ್ ಹುಡುಗರು. ಅದೂ ಸೌಂಡ್ ಜೋರಾಗಿ ಇಡಲು ಅವಕಾಶ ಇದ್ದರೆ. ಸಣ್ಣ ದನಿಯಲ್ಲಿ ಅದು ಬರೀ ಗದ್ದಲ.

ಈಗ ನನಗೆ ತುಂಬಾ ಇಷ್ಟವಾದ ಜೋಡಿಗೆ ಬರುತ್ತೇನೆ. ರಂಗಾಯಣ ರಘು ಅಂದರೆ ನಿಮಗೆ ಏನು ನೆನಪಾಗುತ್ತದೆ? ನಮಗಂತೂ ಕೂಗಾಟ, ಕಣ್ಣು ಹೊರಳಿಸುವುದು, ಹೀರೋ ಪಕ್ಕ ನಿಂತು ಡೈಲಾಗ್ ಉದುರಿಸುವುದು. ಅದೇ ಮನುಷ್ಯ ಹೆಚ್ಚುಕಡಿಮೆ ಒಂದು ವರ್ಷದ ಅಂತರದಲ್ಲಿ ಎರಡು ಮಲೆನಾಡಿನ ಸಿನಿಮಾ ಮಾಡಿದ್ದಾರೆ, ಎರಡರಲ್ಲೂ ಸಾವು ಇದೆ, ಪೊಲೀಸ್ ಇದೆ, ಮಳೆ ಮೋಡ ಇದೆ. 2024ರ ಫೆಬ್ರವರಿಯ ‘ಶಾಖಾಹಾರಿ’ಯಲ್ಲಿ ಪೊಲೀಸರ ಕಣ್ಣು ತಪ್ಪಿಸುವವನು. 2025ರ ಏಪ್ರಿಲ್‌ನ ‘ಅಜ್ಞಾತವಾಸಿ’ಯಲ್ಲಿ ಪೊಲೀಸ್ ಅವರೇ. ಒಂದರ ಹಿಂದೆ ಒಂದು ನೋಡಿದರೆ ಆ ಮುಖದಲ್ಲಿ ಇಷ್ಟು ದಿನ ಏನೇನು ಅಡಗಿತ್ತು ಅಂತ ಆಶ್ಚರ್ಯ ಆಗುತ್ತದೆ. ನಾವು ಇಷ್ಟು ವರ್ಷ ಅವರಿಂದ ಬರೀ ಕೂಗಿಸಿದ್ದೇವಲ್ಲ ಅಂತ ಬೇಜಾರೂ ಆಗುತ್ತದೆ.

‘ಶಾಖಾಹಾರಿ’ ಸಂದೀಪ್ ಸುಂಕದ್ ಅವರದು. ತೀರ್ಥಹಳ್ಳಿ ಕಡೆ ತೆಗೆದದ್ದು. ಸುಬ್ಬಣ್ಣ ಒಂದು ಸಣ್ಣ ಸಸ್ಯಾಹಾರಿ ಹೋಟೆಲ್ ನಡೆಸುತ್ತಾನೆ. ಒಂಟಿ ಜೀವ, ಬಂದವರಿಗೆ ತಿಂಡಿ ಕೊಟ್ಟುಕೊಂಡು ತನ್ನ ಪಾಡಿಗೆ ತಾನು ಇದ್ದಾನೆ. ಪೊಲೀಸರಿಂದ ತಪ್ಪಿಸಿಕೊಂಡ ಒಬ್ಬ ಹುಡುಗ ಅವನ ಹೋಟೆಲಿಗೆ ನುಗ್ಗುತ್ತಾನೆ. ಇಷ್ಟು ಸಾಕು. ಹೆಸರು ಯಾಕೆ ‘ಶಾಖಾಹಾರಿ’ ಅಂತ ನನಗೆ ಹೊಳೆದ ಕ್ಷಣದಲ್ಲಿ ಕೈಯಲ್ಲಿದ್ದ ಚಕ್ಕುಲಿ ಬಾಯಿಗೆ ಹೋಗಲೇ ಇಲ್ಲ. ಹಾಗಾಗಿ ಊಟ ಮಾಡುತ್ತಾ ನೋಡಬೇಡಿ. ಗೋಪಾಲಕೃಷ್ಣ ದೇಶಪಾಂಡೆ ಇದರಲ್ಲಿ ಪೊಲೀಸ್. ರಘು ಎದುರು ಅವರು ನಿಂತಾಗ ಇಬ್ಬರೂ ಏನೂ ಜೋರು ಮಾಡುವುದಿಲ್ಲ, ಆದರೂ ನಮಗೆ ಬೆವರು.

ನಮ್ಮಮ್ಮ ಶಿವಮೊಗ್ಗ ಕಡೆಯವರು. ಕೊಲೆ ಗಿಲೆ ಅಂದರೆ ಟಿವಿ ಮುಂದೆ ಕೂರುವವರಲ್ಲ. ಇದನ್ನು ಮಾತ್ರ ಪೂರ್ತಿ ನೋಡಿದರು. ಹೋಟೆಲಿನ ಅಡುಗೆಮನೆ, ಗೋಡೆಯ ಮಸಿ, ಪಾತ್ರೆ ಇಟ್ಟ ರೀತಿ ನೋಡಿ "ನಮ್ಮೂರ ಬಸ್‌ಸ್ಟ್ಯಾಂಡ್ ಹೋಟ್ಲು ಹಿಂಗೇ ಇತ್ತು" ಅಂತ ಮೂರು ಸಲ ಹೇಳಿದರು. ಕೊನೆಗೆ ಸುಬ್ಬಣ್ಣನ ಮೇಲೆ ಅವರಿಗೆ ಎಷ್ಟು ಕನಿಕರ ಬಂತೆಂದರೆ, ಪೊಲೀಸ್ ಬಾಗಿಲಿಗೆ ಬಂದಾಗಲೆಲ್ಲ "ಹೋಗಯ್ಯ ಆ ಕಡೆ" ಅಂತ ಗೊಣಗುತ್ತಿದ್ದರು.

‘ಅಜ್ಞಾತವಾಸಿ’ಗೆ ತಾಳ್ಮೆ ಬೇಕು. ನಿರ್ದೇಶಕ ಜನಾರ್ದನ್ ಚಿಕ್ಕಣ್ಣ, ‘ಗುಳ್ಟು’ ಮಾಡಿದ್ದರಲ್ಲ, ಅವರೇ. 1990ರ ದಶಕದ ಮಲೆನಾಡಿನ ಹಳ್ಳಿ. ಊರಿಗೆ ಮೊಟ್ಟಮೊದಲ ಕಂಪ್ಯೂಟರ್ ಬರುತ್ತದೆ. ಕೆಲಸವೇ ಇಲ್ಲದ ಪೊಲೀಸ್ ಠಾಣೆ, ಅಲ್ಲಿಗೆ ಒಂದು ಸಾವಿನ ಸುದ್ದಿ. ಕಥೆ ಹಿಂದೆ ಮುಂದೆ ಹೋಗುತ್ತದೆ, ಯಾರೂ ಅವಸರ ಮಾಡುವುದಿಲ್ಲ, ಮಂಜು ಇಳಿಯುವುದನ್ನೂ ನಿಂತು ನೋಡುತ್ತದೆ ಕ್ಯಾಮೆರಾ. ನಮ್ಮನೆಯವರು ಇಪ್ಪತ್ತನೇ ನಿಮಿಷಕ್ಕೆ ನಿದ್ದೆ ಹೋದರು. ನನಗೆ ಮಾತ್ರ ಆ ಕಂಪ್ಯೂಟರ್ ವಿಷಯ ಹಿಡಿದು ಕೂರಿಸಿತು. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ರೂಮಿಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ದೇವರ ಮನೆಗೂ ಅಷ್ಟು ಮಡಿ ಇರಲಿಲ್ಲ. ವಾರಕ್ಕೆ ಒಂದು ಗಂಟೆ, ಒಂದು ಕಂಪ್ಯೂಟರಿಗೆ ನಾಲ್ಕು ಜನ, ಕೀಬೋರ್ಡ್ ಮುಟ್ಟಿದರೆ ದೊಡ್ಡ ಪುಣ್ಯ. ಆ ಕಾಲ ನೋಡಿದವರಿಗೆ ಈ ಸಿನಿಮಾದ ನಿಧಾನ ನಿಧಾನ ಅನ್ನಿಸುವುದಿಲ್ಲ. ಆಮೇಲೆ ಹುಟ್ಟಿದವರಿಗೆ ಗ್ಯಾರಂಟಿ ಇಲ್ಲ.

ಎರಡರಲ್ಲಿ ಒಂದೇ ಅಂದರೆ ‘ಶಾಖಾಹಾರಿ’. ಜೊತೆಗೆ ಯಾರಿದ್ದರೂ ನಡೆಯುತ್ತದೆ. ‘ಅಜ್ಞಾತವಾಸಿ’ ಒಬ್ಬರೇ ಇದ್ದಾಗ, ಮಳೆಗಾಲದಲ್ಲಿ, ಲೈಟ್ ಆರಿಸಿ, ಫೋನನ್ನು ಬೇರೆ ರೂಮಿನಲ್ಲಿಟ್ಟು ನೋಡಿ.

‘ಕಾಂತಾರ’ದ ವಿಚಾರದಲ್ಲಿ ಹೆಚ್ಚು ಹೇಳುವುದೇನೂ ಇಲ್ಲ, ಎಲ್ಲರೂ ನೋಡಿಯೇ ಇರುತ್ತೀರಿ. ಇನ್ನೂ ನೋಡದ ಸಂಬಂಧಿಕರು ಯಾರಾದರೂ ಹೊರದೇಶದಿಂದ ಬಂದು, "ಚಾಪ್ಟರ್ ಒನ್ ಹಿಂದಿನ ಕಾಲದ ಕಥೆ ಅಂತೆ, ಅದನ್ನೇ ಮೊದಲು ನೋಡಬೇಕಾ" ಅಂತ ಕೇಳಿದರೆ ಬೇಡ ಅನ್ನಿ. 2022ರದ್ದು ಮೊದಲು. ಅದರಲ್ಲಿ ಕಂಬಳ, ಊರಿನ ಜಗಳ, ಅರಣ್ಯ ಇಲಾಖೆ, ಅವ್ವನ ಬೈಗುಳ ಎಲ್ಲ ಇದೆ, ಟಿವಿಯಲ್ಲೂ ಸೊಗಸಾಗಿ ಕಾಣುತ್ತದೆ. 2025ರ ಅಕ್ಟೋಬರ್ 2ಕ್ಕೆ ಬಂದ ‘ಚಾಪ್ಟರ್ 1’ ದೊಡ್ಡ ಪರದೆಗೆ ಅಂತಲೇ ಕಟ್ಟಿದ್ದು. ಯುದ್ಧ, ರಥ, ಅರಮನೆ. ಮನೆಯ ಟಿವಿಗೆ ಬಂದಾಗ ಅರ್ಧ ಕಳೆ ಹೋಯಿತು ಅಂತ ನನ್ನ ಅನಿಸಿಕೆ. ರುಕ್ಮಿಣಿ ವಸಂತ್ ಮಾತ್ರ ಎಲ್ಲಿ ನೋಡಿದರೂ ಚೆನ್ನ.

ರುಕ್ಮಿಣಿ ಅಂದಮೇಲೆ ಅಳುವ ಸಿನಿಮಾಗಳಿಗೆ ಬರಲೇಬೇಕು. ‘ಸಪ್ತ ಸಾಗರದಾಚೆ ಎಲ್ಲೋ’, ಸೈಡ್ ಎ, ಸೈಡ್ ಬಿ ಅಂತ ಎರಡು ಭಾಗದಲ್ಲಿ ಬಂದದ್ದು. ಇಲ್ಲಿ ಪ್ರಶ್ನೆ ನೋಡಬೇಕಾ ಬೇಡವಾ ಅಂತಲ್ಲ. ಸೈಡ್ ಎ ನೋಡಿದ ಮೇಲೆ ಸೈಡ್ ಬಿ ನೋಡಬೇಕಾ, ನೋಡುವುದಾದರೆ ಯಾವಾಗ ಅನ್ನುವುದು.

ನೆನಪಿಸಿಕೊಳ್ಳಿ. ಮನು ಒಬ್ಬ ಶ್ರೀಮಂತನ ಮನೆಯಲ್ಲಿ ಡ್ರೈವರ್. ಪ್ರಿಯಾ, ಅಂದರೆ ರುಕ್ಮಿಣಿ, ಹಾಡುತ್ತಾಳೆ. ಮದುವೆಯಾಗಬೇಕು, ಸಮುದ್ರದ ಹತ್ತಿರ ಮನೆ ಮಾಡಬೇಕು ಅಂತ ಇಬ್ಬರ ಆಸೆ. ಸ್ವಲ್ಪ ದುಡ್ಡು ಸಿಗುತ್ತದೆ ಅಂತ ಯಜಮಾನರ ಮಗ ಮಾಡಿದ ಅಪಘಾತವನ್ನು ಮನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ. ಜೈಲು. ಬೇಲ್ ಸಿಗುತ್ತದೆ ಅಂದವರು ಕೈ ಎತ್ತುತ್ತಾರೆ. ಸೈಡ್ ಎ ಅಂದರೆ ಇಷ್ಟೇ, ಆದರೆ ಪ್ರಿಯಾ ಜೈಲಿನ ಭೇಟಿಗೆ ಬಂದು ನಿಂತು ನಗಲು ಪ್ರಯತ್ನಿಸುವುದನ್ನು ನೋಡಿ ಕಲ್ಲಾಗಿ ಕೂರುವುದು ಕಷ್ಟ. ಸೈಡ್ ಬಿಯಲ್ಲಿ ಹತ್ತು ವರ್ಷ ಕಳೆದಿದೆ. ಮನು ಹೊರಗೆ ಬಂದಿದ್ದಾನೆ, ಪ್ರಿಯಾಗೆ ಮದುವೆಯಾಗಿದೆ. ಇವನು ಅವಳನ್ನು ದೂರದಿಂದ ಹಿಂಬಾಲಿಸುತ್ತಾನೆ, ಅವಳ ಬದುಕನ್ನು ಗುಟ್ಟಾಗಿ ಸರಿಮಾಡಲು ಹೋಗುತ್ತಾನೆ. ಕೆಲವರಿಗೆ ಅದು ಪ್ರೀತಿ. ನನಗೆ ಸ್ವಲ್ಪ ಭಯವಾಯಿತು. ನಿರ್ದೇಶಕ ಹೇಮಂತ್ ರಾವ್‌ಗೂ ಅದು ಗೊತ್ತಿದ್ದೇ ಮಾಡಿದ್ದಾರೆ ಅಂತ ನನ್ನ ಗುಮಾನಿ, ಯಾಕೆಂದರೆ ಸೈಡ್ ಎಯ ನೀಲಿ ಬಣ್ಣ ಹೋಗಿ ಇದರಲ್ಲಿ ಕೆಂಪು ತುಂಬಿಕೊಂಡಿದೆ. ಚೈತ್ರಾ ಆಚಾರ್ ಮಾಡಿದ ಸುರಭಿ ಪಾತ್ರ ಇಲ್ಲದಿದ್ದರೆ ನಾನು ಸೈಡ್ ಬಿಯನ್ನು ಅರ್ಧಕ್ಕೇ ಬಿಡುತ್ತಿದ್ದೆ. ಎರಡು ಭಾಗದಲ್ಲಿ ನೇರವಾಗಿ ಮಾತಾಡುವ ಒಬ್ಬಳೇ ಮನುಷ್ಯಳು ಅವಳು.

ಥಿಯೇಟರಿನಲ್ಲಿ ಇವೆರಡರ ನಡುವೆ ಸರಿಯಾಗಿ ಹನ್ನೊಂದು ವಾರ ಅಂತರ ಇತ್ತು. 2023ರ ಸೆಪ್ಟೆಂಬರ್ 1ಕ್ಕೆ ಒಂದು, ನವೆಂಬರ್ 17ಕ್ಕೆ ಇನ್ನೊಂದು. ಆ ಹನ್ನೊಂದು ವಾರ ಜನ ಪ್ರಿಯಾ ಏನು ಮಾಡಬೇಕಿತ್ತು ಅಂತ ಜಗಳ ಆಡಿದರು, ಹಾಡು ಕೇಳಿದರು, ಮನುಗೆ ಬೈದರು. ಕಾಯುವುದೇ ಕಥೆ ಆಗಿರುವ ಸಿನಿಮಾಗೆ ನೋಡುವವರೂ ಕಾದದ್ದು ಎಷ್ಟು ಹೊಂದಿತು ನೋಡಿ. ಈಗ ಮನೆಯಲ್ಲಿ ಒಂದು ಮುಗಿದ ಕೂಡಲೇ ಇನ್ನೊಂದು ಒತ್ತುತ್ತೇವೆ. ಹಾಗೆ ಮಾಡಬೇಡಿ. ನನ್ನ ಗೆಳತಿಯೊಬ್ಬಳು ಒಂದೇ ಭಾನುವಾರ ಎರಡೂ ನೋಡಿ, "ಎರಡನೇದು ಎಳೀತು ಕಣೇ" ಅಂದಳು. ಎಳೆಯದೆ ಇನ್ನೇನು! ಎರಡು ವಾರವಾದರೂ ಬಿಡಿ. ಬಿಟ್ಟ ಮೇಲೂ ಮನು ಏನಾದ ಅಂತ ತಲೆ ತಿನ್ನುತ್ತಿದ್ದರೆ ಮಾತ್ರ ಬಿ ನೋಡಿ. ಇಲ್ಲದಿದ್ದರೆ ಎ ಒಂದೇ ಪೂರ್ತಿ ಸಿನಿಮಾ ಅಂದುಕೊಳ್ಳಿ, ಏನೂ ನಷ್ಟವಿಲ್ಲ. ಇವನ್ನು ಗಂಡ ಹೆಂಡತಿ ಜೊತೆಗೆ ನೋಡುವುದಕ್ಕಿಂತ ಒಬ್ಬರೇ ನೋಡುವುದು ವಾಸಿ. ಯಾಕೆ ಅಂತ ಕೇಳಬೇಡಿ.

ಅಳುವ ಸಿನಿಮಾದಲ್ಲಿ ಇನ್ನೊಂದು, ರಾಜ್ ಬಿ. ಶೆಟ್ಟಿ ಬರೆದು ನಿರ್ದೇಶಿಸಿದ ‘ಸ್ವಾತಿ ಮುತ್ತಿನ ಮಳೆ ಹನಿಯೇ’. ಅದೂ 2023ರ ನವೆಂಬರ್‌ದೇ. ಸಾಯುವ ಕಾಲ ಹತ್ತಿರ ಬಂದವರನ್ನು ನೋಡಿಕೊಳ್ಳುವ ಒಂದು ಮನೆ. ಅಲ್ಲಿ ಕೌನ್ಸೆಲರ್ ಆಗಿರುವ ಪ್ರೇರಣಾ, ಅಲ್ಲಿಗೆ ಬರುವ ಅನಿಕೇತ್. ಪ್ರೇರಣಾ ಆಗಿರುವ ಸಿರಿ ರವಿಕುಮಾರ್ ಮುಖದಲ್ಲೇ ಅರ್ಧ ಸಿನಿಮಾ ನಡೆಯುತ್ತದೆ. ‘ಸಪ್ತ ಸಾಗರ’ ನಿಮ್ಮನ್ನು ಹಿಂಡಿ ಅಳಿಸುತ್ತದೆ, ಇದು ಹಾಗೆ ಮಾಡುವುದಿಲ್ಲ. ತುಂಬಾ ಮೆತ್ತಗೆ ಪಕ್ಕದಲ್ಲಿ ಕೂರುತ್ತದೆ. ನನಗೆ ಇದೇ ಹೆಚ್ಚು ಹಿಡಿಸಿತು.

ಆದರೆ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನಮ್ಮ ಮಾವನವರು ತೀರಿಕೊಂಡು ಆಗ ಮೂರು ತಿಂಗಳೂ ಆಗಿರಲಿಲ್ಲ. ಕೊನೆಯ ಒಂದೂವರೆ ತಿಂಗಳು ಆಸ್ಪತ್ರೆಯಲ್ಲೇ. ನಾನು ಹಿಂದೆ ಮುಂದೆ ಯೋಚಿಸದೆ, ಒಳ್ಳೆ ಸಿನಿಮಾ ಅಂತೆ ಅಂತ ಹಾಕಿದೆ. ಕಾಲು ಗಂಟೆ ಆಗಿರಬಹುದು, ನಮ್ಮನೆಯವರು ಎದ್ದು ಬಾಲ್ಕನಿಗೆ ಹೋದರು. ನೀರು ಕುಡಿಯಲು ಹೋದರು ಅಂದುಕೊಂಡೆ. ಆಮೇಲೆ ಹೋಗಿ ನೋಡಿದರೆ ಸುಮ್ನೆ ಕತ್ತಲಲ್ಲಿ ನಿಂತಿದ್ದಾರೆ. ಟಿವಿ ಆರಿಸಿದೆ. ಯಾರ ಜೊತೆ ಯಾವುದು ಅಂತ ನಾನು ಯೋಚಿಸಲು ಶುರುಮಾಡಿದ್ದು ಅವತ್ತಿನಿಂದ.

ಪ್ರಶಸ್ತಿ ಬಂದ ಸಿನಿಮಾ ಅಂದರೆ ಓಡಿಹೋಗುವವರು ನಮ್ಮಲ್ಲಿ ಬಹಳ. ಅವರಿಗಾಗಿ ಎರಡು. ‘ಶಿವಮ್ಮ ಯರೇಹಂಚಿನಾಳ’ ಮತ್ತು ‘ಮಿಥ್ಯ’. ಮೊದಲನೆಯದು ಕೊಪ್ಪಳ ಕಡೆಯ ಹಳ್ಳಿಯದು, ಬೂಸಾನ್ ಚಿತ್ರೋತ್ಸವದಲ್ಲಿ 2022ರಲ್ಲಿ ಪ್ರಶಸ್ತಿ ಪಡೆದದ್ದು. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ಪೌಷ್ಟಿಕಾಂಶದ ಪುಡಿ ಮಾರುವ ಚೈನ್ ಬಿಸಿನೆಸ್‌ಗೆ ಬೀಳುತ್ತಾಳೆ, ಅದರಿಂದ ಗಂಡನ ಲಕ್ವ ವಾಸಿಯಾಗುತ್ತದೆ ಅಂತ ನಂಬುತ್ತಾಳೆ. ನಿಮ್ಮ ಚಿಕ್ಕಮ್ಮನೋ ಪಕ್ಕದ ಮನೆ ಆಂಟಿಯೋ ಇಂಥದ್ದೊಂದು ಡಬ್ಬಿ ಹಿಡಿದು ಮನೆಗೆ ಬಂದಿರುತ್ತಾರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಬೋರಾಗುವ ಮಾತೇ ಇಲ್ಲ. ಶಿವಮ್ಮನ ಹಟ ನೋಡಿದರೆ ಸಿಟ್ಟು, ನಗು, ಮರುಕ ಒಟ್ಟಿಗೆ ಬರುತ್ತದೆ. ‘ಮಿಥ್ಯ’ 2025ರದ್ದು, ನಿರ್ದೇಶಕ ಸುಮಂತ್ ಭಟ್. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈಯಿಂದ ಉಡುಪಿ ಕಡೆಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಮಾತು ಕಡಿಮೆ. ‘ಸು ಫ್ರಮ್ ಸೋ’ದಲ್ಲಿ ನಿಮ್ಮನ್ನು ನಗಿಸಿದ ಪ್ರಕಾಶ್ ತುಮಿನಾಡು ಇಲ್ಲಿ ಚಿಕ್ಕಪ್ಪ. ಆ ಮನುಷ್ಯ ಸುಮ್ಮನೆ ಕೂತಿದ್ದರೂ ನೋಡುತ್ತಾ ಇರಬಹುದು. ಮಕ್ಕಳ ಸಿನಿಮಾ ಅಂದುಕೊಂಡು ಮಕ್ಕಳಿಗೆ ಹಾಕಬೇಡಿ, ಇದು ದೊಡ್ಡವರಿಗೆ.

ಮಕ್ಕಳಿಗೆ ಅಂದರೆ ‘ಡೇರ್‌ಡೆವಿಲ್ ಮುಸ್ತಾಫಾ’. ತೇಜಸ್ವಿಯವರ ಕಥೆ, ಅವರ ಓದುಗರೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ, 2023ರ ಮೇ ತಿಂಗಳದ್ದು. ಕಾಲೇಜಿಗೆ ಮುಸ್ತಾಫಾ ಅನ್ನುವ ಹುಡುಗ ಸೇರುತ್ತಾನೆ, ಉಳಿದ ಹುಡುಗರಿಗೆ ಅವನೆಂದರೆ ವಿಚಿತ್ರ ಕುತೂಹಲ, ವಿಚಿತ್ರ ಅನುಮಾನ. ಕಥೆ ಓದಿದವರು "ಪುಸ್ತಕದಲ್ಲಿ ಹಿಂಗಿಲ್ಲ" ಅಂತ ರಾಗ ಎಳೆಯುತ್ತಾರೆ, ನಾನೂ ಎಳೆದೆ. ಸ್ವಲ್ಪ ಉದ್ದವಾಯಿತು, ನಿಜ. ಕ್ರಿಕೆಟ್ ಮ್ಯಾಚ್ ಬಂದಾಗ ಅದೆಲ್ಲ ಮರೆತುಹೋಗುತ್ತದೆ.

ಟಿಕೆಟ್ ದರದ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನ ಮಲ್ಟಿಪ್ಲೆಕ್ಸ್‌ಗೆ ಹೋಗಿ ಪಾಪ್‌ಕಾರ್ನ್ ತಿಂದು ಬಂದರೆ ಒಂದು ವಾರದ ತರಕಾರಿ ದುಡ್ಡು ಹೋಗುತ್ತದೆ. ಹಾಗಾಗಿ ಈ ಪಟ್ಟಿಯಲ್ಲಿ ಥಿಯೇಟರಿಗೇ ಹೋಗಿ ನೋಡಬೇಕಿತ್ತು ಅನ್ನುವುದು ‘ಚಾಪ್ಟರ್ 1’, ಇನ್ನೊಂದು ‘ಸು ಫ್ರಮ್ ಸೋ’. ಎರಡನೆಯದು ಪರದೆ ದೊಡ್ಡದು ಅಂತ ಅಲ್ಲ. ಮುನ್ನೂರು ಜನ ಒಟ್ಟಿಗೆ ನಗುವಾಗ ಅರ್ಧ ಡೈಲಾಗ್ ಕೇಳಿಸದಿದ್ದರೂ ಖುಷಿಯಾಗುತ್ತದೆ, ಅದಕ್ಕೆ.

ಈ ಶನಿವಾರ ಅಕ್ಕನ ಮಗ ಬರುತ್ತಾನೆ, ಒಂಬತ್ತನೇ ಕ್ಲಾಸು, ಕ್ರಿಕೆಟ್ ಹುಚ್ಚು. ಮುಸ್ತಾಫಾ ಅಂತ ಬುಧವಾರವೇ ತೀರ್ಮಾನ ಮಾಡಿ ಆಯಿತು, ರಿಮೋಟ್ ನನ್ನ ಹತ್ತಿರವೇ ಇದೆ. ಮಧ್ಯದಲ್ಲಿ ನಿಲ್ಲಿಸಿ ಕಥೆ ಹೇಳಬಾರದು ಅಂತ ತಮ್ಮನಿಗೆ ಹೇಳಿದ್ದೇನೆ. ಮಿಕ್ಕದ್ದು, ನಮ್ಮನೆಯವರು ನಿನ್ನೆ ರಾತ್ರಿ ಪಾತ್ರೆ ಒರೆಸುತ್ತಾ ತಾವಾಗಿಯೇ ಕೇಳಿದರು, "ಅವತ್ತು ಅರ್ಧಕ್ಕೆ ನಿಲ್ಲಿಸಿದ್ವಲ್ಲ, ಅದು ಯಾವುದು?" ಹೆಸರು ಹೇಳಿದೆ. "ಭಾನುವಾರ ಹಾಕು, ನೋಡೋಣ" ಅಂದರು.